ಏಳನೇ ಕಾಲಮ್

೪ ಮಾರ್ಚ್, ಬೆಳಗಿನ ಜಾವ ೪:೧೦
ಗೇಟಿನ ಅಗುಳಿ ಸದ್ದಿಗೆ ಎಚ್ಚರ. ಇವರು ನೈಟ್ ಶಿಫ್ಟ್ ಮುಗಿಸಿ ಬಂದರು. ಪುಟ್ಟಿ ಮಿಸುಕಿದಳು, ತಟ್ಟಿ ಮಲಗಿಸಿದೆ. ನನಗೆ ಮತ್ತೆ ಕಣ್ಣು ಹತ್ತಲಿಲ್ಲ. ಆರೋಗ್ಯ ಇಲಾಖೆ ಕಚೇರಿಯಲ್ಲಿ ನಾನು ಕಂಪ್ಯೂಟರಿಗೆ ತುಂಬುವ ಎಚ್‌ಐವಿ ಪಟ್ಟಿ ತಲೆಯಲ್ಲೇ ಗಿರಕಿ ಹೊಡೆಯುತ್ತಿದೆ. ಐದು ವರ್ಷದ್ದು. ದೊಡ್ಡವರಲ್ಲಿ ವರ್ಷ ವರ್ಷ ಇಳಿಕೆ. ಮಕ್ಕಳ ಸಾಲು ಮಾತ್ರ... ಹೋದ ವರ್ಷ ಮೂರು. ಈ ವರ್ಷ ಹದಿನಾಲ್ಕು.

ಸೂಪರ್‌ವೈಸರ್‌ಗೆ ತೋರಿಸಿದ್ದೆ. “ಟೆಸ್ಟ್ ಜಾಸ್ತಿ ಮಾಡಿದ್ದಾರೆ, ಜಾಸ್ತಿ ಸಿಕ್ಕಿದೆ. ತಲೆಗೆ ಇಲ್ಲದ ಹುಳ ಯಾಕೆ ಬಿಟ್ಕೋತೀಯಮ್ಮ?”

೬ ಮಾರ್ಚ್
ಒಬ್ಬ ತಾಯಿ ಕಚೇರಿಗೇ ಬಂದಳು. ನನ್ನ ವಯಸ್ಸಿನವಳೇ. ಎರಡು ರಿಪೋರ್ಟ್ ಮೇಜಿನ ಮೇಲಿಟ್ಟಳು. ಮಗುವಿಗೆ ಸೋಂಕಿದೆ, ಅವಳಿಗಿಲ್ಲ.

“ತಾಯಿಯಿಂದ ಬಂತು ಅಂತ ಮಗು ಕಾರ್ಡಲ್ಲಿ ಹಾಕಿದ್ದು ಯಾರ್ರೀ? ಅದನ್ನ ನೋಡಿ ಗಂಡ ನನ್ನನ್ನ ಆಚೆ ಹಾಕಿದ.”

ಹಾಕಿದ್ದು ನಾನೇ; ನಾನು ತುಂಬಿದ್ದೇ ಕಾರ್ಡಿಗೆ ಅಚ್ಚಾಗುವುದು. ಏಳನೇ ಕಾಲಮ್, ‘ಸೋಂಕು ಹೇಗೆ ಬಂತು’. ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ. ಸೇರಿದ ದಿನವೇ ಹೇಳಿಕೊಟ್ಟಿದ್ದರು — “ಮಗು ಅಂದ್ರೆ ತಾಯಿಯಿಂದ್ಲೇ. ಒತ್ತಿ ಮುಂದೆ ಹೋಗು.” ಹದಿನಾಲ್ಕು ಸಲ ಒತ್ತಿದ್ದೇನೆ.

ಅವಳಿಗೆ ನೀರು ಕೊಟ್ಟೆ. ಕುಡಿಯಲಿಲ್ಲ.

೭ ಮಾರ್ಚ್
ಪುಟ್ಟಿಯನ್ನು ಅತ್ತೆ ತಮ್ಮ ಊರಿಗೆ ಕರೆದುಕೊಂಡು ಹೋದರು. “ನಿನ್ನ ಲೆಕ್ಕ ಮುಗಿಯೋವರ್ಗೂ ನನ್ನ ಹತ್ರ ಇರ್ಲಿ. ಮಗು ಮುಖಕ್ಕಿಂತ ಕಂಪ್ಯೂಟರ್ ಮುಖಾನೇ ಜಾಸ್ತಿ ನೋಡ್ತೀಯ.” ಕುಟುಕಿದರು. ಸುಳ್ಳೇನಲ್ಲ.

೧೦ ಮಾರ್ಚ್, ಸಂಜೆ
ಹಳೆಯ ಫಾರಂ ಎಲ್ಲ ಕೆದಕಿದೆ. ಹದಿನಾಲ್ಕು ತಾಯಂದಿರಲ್ಲಿ ಹನ್ನೊಂದು ಮಂದಿಗೆ ಸೋಂಕೇ ಇಲ್ಲ! ಕಚೇರಿ ಫೋನಿನಿಂದ ಒಬ್ಬೊಬ್ಬರನ್ನೇ ಕೇಳಿದೆ — ಮಗುವಿಗೆ ಜ್ವರ ಬಂದರೆ ಎಲ್ಲಿಗೆ ಹೋಗ್ತೀರಿ? ಒಂಬತ್ತು ಮಂದಿ ಒಂದೇ ಕ್ಲಿನಿಕ್ ಹೇಳಿದರು. ಅತ್ತೆ ಊರಿನ ಸೇತುವೆ ಪಕ್ಕದ್ದು. “ಕೈಗುಣ ಚೆನ್ನಾಗಿದೆ ಮೇಡಂ. ಸೂಜಿಗೆ ದುಡ್ಡೂ ಕೇಳಲ್ಲ, ಬಿಸಿನೀರಲ್ಲಿ ಅದ್ದಿ ಅದನ್ನೇ ಎಲ್ರಿಗೂ ಹಾಕ್ತಾರೆ.”

ಅತ್ತೆ ಮನೆ ಅದೇ ಬೀದಿ. ಹೋದ ಸಲ ಪುಟ್ಟಿಗೆ ಅಲ್ಲೇ ಎರಡು ಚುಚ್ಚಿಸಿದ್ದರು.

ಸೂಪರ್‌ವೈಸರ್: “ಸೋಮವಾರ ನೋಡೋಣಮ್ಮ.”

ರಾತ್ರಿ ೧೧:೪೦
ಫೋನ್ ಸೈಲೆಂಟಿನಲ್ಲೇ ಇತ್ತು. ಅತ್ತೆಯ ಮೆಸೇಜ್ ಈಗ ನೋಡಿದೆ. “ಪುಟ್ಟಿ ಮೈ ಸುಡ್ತಿದೆ. ಬೆಳಗ್ಗೆ ಆರಕ್ಕೆ ಸೇತುವೆ ಹತ್ರದ ಡಾಕ್ಟರಿಗೆ ತೋರಿಸ್ತೀನಿ, ಒಂದು ಸೂಜಿ ಹಾಕಿದ್ರೆ ಇಳಿಯತ್ತೆ. ಗಾಬರಿ ಬೀಳ್ಬೇಡ.”

ವಾಪಸ್ ಮಾಡಿದರೆ ಸ್ವಿಚ್ ಆಫ್. ಮಲಗುವಾಗ ಆಫ್ ಮಾಡುವ ಅಭ್ಯಾಸ ಅವರಿಗೆ. ಕ್ಲಿನಿಕ್ಕಿನಲ್ಲಿ ಯಾರೂ ಎತ್ತುತ್ತಿಲ್ಲ. ಇವರ ಫೋನ್ ಶಿಫ್ಟ್ ಮುಗಿಯುವವರೆಗೆ ಫ್ಯಾಕ್ಟರಿ ಗೇಟಿನ ಲಾಕರಿನಲ್ಲಿ; ಮೆಸೇಜ್ ಹಾಕಿದ್ದೇನೆ, ಮಲಗುವ ಮುಂಚೆ ನೋಡುವುದು ಅನುಮಾನ. ಮೊದಲ ಬಸ್ಸು ನಾಲ್ಕೂವರೆಗೆ, ಮೂರು ಗಂಟೆ ದಾರಿ. ಹೆದ್ದಾರಿಗೆ ಹೋಗುತ್ತೇನೆ. ಲಾರಿ ಸಿಕ್ಕರೂ ಸರಿ.

ಈ ಪುಸ್ತಕವನ್ನು ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಡುತ್ತಿದ್ದೆ. ಇವತ್ತು ಬಾಗಿಲೆದುರಿಗೇ ತೆರೆದಿಟ್ಟು ಹೋಗುತ್ತಿದ್ದೇನೆ.

ರೀ, ಬಂದ ಕೂಡಲೇ ಓದಿ. ಬೂಟು ಆಮೇಲೆ ಬಿಚ್ಚಿ. ನಿಮ್ಮಮ್ಮನ ಪಕ್ಕದ ಮನೆಯವರ ನಂಬರ್ ನಿಮ್ಮ ಹತ್ತಿರ ಮಾತ್ರ ಇರೋದು. ಬಾಗಿಲು ಬಡಿಯೋಕೆ ಹೇಳಿ. ಸೂಜಿ ಬೇಡ ಅನ್ನಿ. ಯಾಕೆ ಅಂತ ಕೇಳಿದ್ರೆ ನನಗೆ ತಲೆ ಕೆಟ್ಟಿದೆ ಅನ್ನಿ, ಬೈಕೊಳ್ಳಲಿ. ಬೆಳಗಾಗೋ ಮುಂಚೆ ಫೋನ್ ಮಾಡಿ ರೀ. ಕೈ ಮುಗೀತೀನಿ. ಆರು ಹೊಡೆಯೋ ಮುಂಚೆ —