ನಾಯಿ ಪರವಾನಗಿಗೆ ಸಿಕ್ಕಿ ತಪ್ಪಿದ ಡಯಾಲಿಸಿಸ್ ಸರದಿ

ಜಾಲತಾಣ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ಕಳೆದ ಶನಿವಾರ ನನ್ನ ಅಕ್ಕನ ಡಯಾಲಿಸಿಸ್ ಸರದಿ ತಪ್ಪಿತು. ತಪ್ಪಿಸಿದವರು ಇಬ್ಬರು, ನೀವು ಮತ್ತು ನಾನು. ನನ್ನ ಪಾಲನ್ನು ಒಪ್ಪಿಕೊಂಡು ನಿಮ್ಮ ಪಾಲನ್ನು ನಿಮಗೆ ಒಪ್ಪಿಸಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಸಾರ್ವಜನಿಕ ವಾಚನಾಲಯದ ಪಾಲಕ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಆಸ್ಪತ್ರೆಯ ಸರದಿ ಕಾದಿರಿಸಲು ಬರುವುದು ನಮ್ಮ ಕಿಟಕಿ ಪಕ್ಕದ ನಾಲ್ಕು ಯಂತ್ರಗಳಿಗೆ. ಅವನ್ನು ಕೊಟ್ಟವರು ನೀವು. ಅವುಗಳ ಬ್ರೌಸರ್ ಮುದಿಯಾಗಿದೆ. ಬದಲಿಸಿದರೆ ಶಿಸ್ತುಕ್ರಮ ಎಂದು ಬರೆದವರೂ ನೀವೇ. ಫೋನಿನಲ್ಲಿ ಸರದಿ ಕೊಡುತ್ತಿದ್ದ ಕೌಂಟರನ್ನು "ವಾಚನಾಲಯದಲ್ಲಿ ಸೌಲಭ್ಯವಿದೆ" ಎಂದು ಮುಚ್ಚಿಸಿದವರು ಯಾರೆಂದು ಬಿಡಿಸಿ ಹೇಳಬೇಕೇ?

ಆ ಶನಿವಾರದ ಹಿಂದಿನ ದಿನ ನೀವು ಒಂಬತ್ತು ಜಾಲತಾಣಗಳನ್ನು ಒಂದೇ ವಿಳಾಸಕ್ಕೆ ಸೇರಿಸಿದಿರಿ. ಇವನಿಗೇನು ಗೊತ್ತು ಎಂದುಕೊಳ್ಳಬೇಡಿ, ನಿಮ್ಮದೇ ಕಚೇರಿಯ ತಂತ್ರಜ್ಞರೊಬ್ಬರು ತಿಳಿಸಿಕೊಟ್ಟಿದ್ದಾರೆ. ಒಂದೇ ಬಾಗಿಲ ಹಿಂದೆ ಒಂಬತ್ತು ಕಚೇರಿಗಳಿದ್ದಂತೆ. ಹೊಸ ಬ್ರೌಸರ್ ಬಾಗಿಲು ತಟ್ಟುವಾಗಲೇ ತನಗೆ ಬೇಕಾದ ಜಾಲತಾಣದ ಹೆಸರು ಹೇಳುತ್ತದೆ. ಹಳೆಯದು ಬಾಯಿ ಬಿಡದೆ ತಟ್ಟುತ್ತದೆ. ಆಗ ಪಟ್ಟಿಯಲ್ಲಿ ಮೊದಲಿರುವ ಜಾಲತಾಣದ ಗುರುತಿನ ಪತ್ರ ಹೊರಗೆ ಬರುತ್ತದೆ. ನಿಮ್ಮ ಪಟ್ಟಿಯಲ್ಲಿ ಮೊದಲಿರುವುದು ನಾಯಿ ಪರವಾನಗಿ. ಬೇಕಾದ ಹೆಸರಿಗೂ ಬಂದ ಹೆಸರಿಗೂ ತಾಳೆಯಾಗದೆ ಬ್ರೌಸರ್ ಪರದೆ ತುಂಬ ಎಚ್ಚರಿಕೆ ತೋರಿಸುತ್ತದೆ.

ಮುಂದಿನ ವಾರದ ಸರದಿ ಖಚಿತಪಡಿಸಲು ಶನಿವಾರ ಮಧ್ಯಾಹ್ನ ಹನ್ನೆರಡರ ಗಡುವು. ಹನ್ನೊಂದೂವರೆಗೆ ಅಕ್ಕ ಬಂದು ಕೂತಳು.

"ಇದೇನೋ ಇದು, ನಾಯಿ ಅಂತಿದೆ? ಮುಂದಕ್ಕೆ ಒತ್ತಲಾ?"

"ಬೇಡ ಕಣಕ್ಕ, ಯಾರೋ ಮೋಸ ಮಾಡ್ತಿರಬಹುದು. ಮೌಸ್ ಬಿಡು."

"ಟೈಮಾಗ್ತಿದೆ ಕಣೋ."

"ಆಗ್ಲಿ. ನಿನ್ನ ವಿವರ ಎಲ್ಲಾ ಅದ್ರಲ್ಲಿದೆ."

ಅವಳ ಕೈಯನ್ನು ನಾನೇ ಸರಿಸಿದೆ. ಎಚ್ಚರಿಕೆ ಕಂಡರೆ ಮುಂದುವರಿಯಕೂಡದು ಎಂಬುದು ನಿಮ್ಮ ಸುತ್ತೋಲೆ. ಆರು ವರ್ಷದಿಂದ ಬಂದವರಿಗೆಲ್ಲ ಅದೇ ಪಾಠ ಹೇಳಿದ್ದೇನೆ. ನಾಲ್ಕೂ ಯಂತ್ರಗಳಲ್ಲಿ ನೋಡಿದೆವು, ನಾಲ್ಕರಲ್ಲೂ ನಾಯಿಯೇ. ಜಾಲತಾಣವೇ ಕಳ್ಳರ ಕೈಸೇರಿದೆ ಎಂದುಕೊಂಡ ನನಗೆ ಓದುತ್ತ ಕೂತವರ ಸ್ಮಾರ್ಟ್‌ಫೋನ್ ಕೇಳಬೇಕೆಂದು ಹೊಳೆಯಲಿಲ್ಲ; ನಮ್ಮಿಬ್ಬರವೂ ಬರೀ ಮಾತಾಡುವ ಫೋನುಗಳು. ಹನ್ನೆರಡಾಯಿತು, ಸರದಿ ಬೇರೆಯವರ ಪಾಲಾಯಿತು. ಮಂಗಳವಾರ ಅಕ್ಕನನ್ನು ಉಸಿರಾಡಲು ಕಷ್ಟಪಡುತ್ತಿದ್ದ ಸ್ಥಿತಿಯಲ್ಲಿ ತುರ್ತು ವಿಭಾಗಕ್ಕೆ ಸೇರಿಸಿದೆವು. ಬದುಕಿಕೊಂಡಳು. ಮಾತೆತ್ತಿದರೆ ಬೈಯುವವಳು ಈ ಸಲ ಒಂದು ಮಾತೂ ಬೈಯಲಿಲ್ಲ. ಅವಳ ಮುಖ ನೋಡಲು ನನಗೆ ನಾಚಿಕೆಯಾಗುತ್ತಿದೆ.

ದೂರಿಗೆ ನಿಮ್ಮ ಉತ್ತರ ಬಂದಿದೆ: "ಪರೀಕ್ಷಿಸಲಾಗಿ, ಜಾಲತಾಣವು ಸರಿಯಾಗಿ ತೆರೆಯುತ್ತಿದೆ. ಎಚ್ಚರಿಕೆ ಬಂದಲ್ಲಿ ಕಡೆಗಣಿಸಿ ಮುಂದುವರಿಯಬಹುದು." ಎಲ್ಲಿ ಪರೀಕ್ಷಿಸಿದಿರಿ ಸ್ವಾಮಿ? ನಿಮ್ಮ ಮೇಜಿನ ಹೊಸ ಕಂಪ್ಯೂಟರಿನಲ್ಲಿ ತಾನೇ? ನಾಳೆ ನಿಜವಾಗಿಯೂ ಕಳ್ಳ ಬಂದರೆ, ಯಾವ ಎಚ್ಚರಿಕೆ ನಿಮ್ಮ ಕೃಪೆ, ಯಾವುದು ಅವನದು ಎಂದು ಕಾಯಿಲೆಯವರು ಹೇಗೆ ತಿಳಿಯಬೇಕು?

ಡಯಾಲಿಸಿಸ್ ಜಾಲತಾಣಕ್ಕೆ ಪ್ರತ್ಯೇಕ ವಿಳಾಸ ಕೊಡಿ, ಇಲ್ಲವೇ ನಮ್ಮ ಬ್ರೌಸರ್ ಬದಲಿಸಲು ಅಪ್ಪಣೆ ಕೊಡಿ. ಅಲ್ಲಿಯವರೆಗೆ ಫೋನ್ ಕೌಂಟರ್ ತೆರೆಯಿರಿ. ಯಾವುದೂ ಆಗದಿದ್ದರೆ ಈ ಶನಿವಾರ ನೀವೇ ಬಂದು ಅಕ್ಕನ ಪಕ್ಕದಲ್ಲಿ ಕೂರಿ. ಒತ್ತಬೇಕೋ ಬೇಡವೋ ಎಂದು ಅವಳು ಕೇಳುತ್ತಾಳೆ. ನೀವೇ ಹೇಳಿ. ನಾನು ಇನ್ನು ಹೇಳಲಾರೆ.

ಇಂತಿ,
ನಿಮ್ಮ ಸುತ್ತೋಲೆಯನ್ನು ಚಾಚೂ ತಪ್ಪದೆ ಪಾಲಿಸಿದ
ವಾಚನಾಲಯದ ಪಾಲಕ, ಅವಳ ತಮ್ಮ