ಅಂದು ಬಾಗಿಲು ತೆಗೆಯದ ಕಾರಣ

ದೇವದುರ್ಗ
೨೦ ಮಾರ್ಚ್ ೨೦೨೫

ನನ್ನ ಮುದ್ದಿನ ಸೊಸೆ ವಿಜಯಶ್ರೀಗೆ,

ಕುರ್ಡಿಯ ತವರಲ್ಲಿ ಹೇಗಿದ್ದೀಯವ್ವಾ? ವಾಂತಿ ನಿಂತಿತೇ? ರೊಟ್ಟಿ ಸೇರದಿದ್ದರೆ ನುಚ್ಚು ಮಜ್ಜಿಗೆಯನ್ನಾದರೂ ಉಣ್ಣು. ಮೂರು ತಿಂಗಳ ಬಸುರಿ ಬರಿಹೊಟ್ಟೆಯಲ್ಲಿ ಇರಬಾರದು. ನಿನ್ನ ಮಗಳು ಮೌನೇಶ್ವರಿಗೆ ಜ್ವರ ಬಿಟ್ಟಿದೆ, ಮೈಮೇಲಿನ ಕೆಂಪು ಗುಳ್ಳೆಗಳೂ ಹೋಗಿವೆ. ಈಗ ನನ್ನ ಸೆರಗು ಜಗ್ಗುತ್ತ ಬೆಲ್ಲ ಕೇಳುತ್ತಿದ್ದಾಳೆ.

ಹೋದ ವಾರ ನೀನು ಅಂಗಳದಲ್ಲಿ ನಿಂತು, "ಅತ್ತೀ, ಒಮ್ಮೆ ಕೂಸಿನ ಮಾರಿ ನೋಡಿ ಹೋಗ್ತೀನ್ರಿ" ಎಂದು ಅಳುತ್ತಿದ್ದರೂ ನಾನು ಅಗಳಿ ತೆಗೆಯಲಿಲ್ಲ. ಅಂದಿನಿಂದ ನನ್ನ ಫೋನು ಎತ್ತುತ್ತಿಲ್ಲ ನೀನು. ಅದಕ್ಕೇ ಬರೆಯುತ್ತಿದ್ದೇನೆ. ಹಿಂದಿನ ದಿನವಷ್ಟೇ ನಾನೂ ನಿನ್ನ ಗಂಡ ಚನ್ನವೀರನೂ ಕೂಸನ್ನು ರಾಯಚೂರಿಗೆ ಕರೆದೊಯ್ದಿದ್ದೆವು. ಓಣಿಯವರೆಲ್ಲ ಅಮ್ಮ ಬಂದಾಳೆ, ಬೇವು ಹಾಸಿ ಮಲಗಿಸು ಅಂದಿದ್ದರು, ನಾನೂ ಹಾಸಿದ್ದೆ. ಡಾಕ್ಟರಮ್ಮ ಮಾತ್ರ, "ಜ್ವರ, ಗುಳ್ಳಿ ಅಂದ್ರ ಒಂದೇ ಬ್ಯಾನಿ ಅಲ್ಲ ಯವ್ವಾ. ದಡಾರ ಇರಬಹುದು, ಡೆಂಗಿ ಇರಬಹುದು, ರುಬೆಲ್ಲಾನೂ ಇರಬಹುದು. ರಕ್ತ ನೋಡಿ ಹೇಳ್ತೀನಿ. ಮನ್ಯಾಗ ಯಾರರ ಬಸುರಿ ಅದಾರೇನು?" ಎಂದರು. ಸೊಸೆ ಇದ್ದಾಳೆ, ತವರಿಗೆ ಹೋಗಿ ತಿಂಗಳು ದಾಟಿತು ಎಂದೆ. "ಛಲೋ ಆತು. ನಾ ಹೇಳೋತನಕ ಕರಸಬ್ಯಾಡ್ರಿ. ರುಬೆಲ್ಲಾ ಆದ್ರ ಹೊಟ್ಯಾಗಿನ ಕೂಸಿನ ಕಣ್ಣು, ಕಿವಿ, ಎದಿ ಕೆಡ್ತಾವ" ಎಂದರು. ರಕ್ತದ ವರದಿ ಬರುವ ಮುಂಚೆ ಬಸುರಿಯ ಕಿವಿಗೆ ಆ ಮಾತು ಹಾಕಲಾರದೆ, ಚನ್ನವೀರನ ಬಾಯಿಯನ್ನೂ ನಾನೇ ಕಟ್ಟಿದೆ.

ವರದಿ ಬಂದಿದೆ. ಅದು ರುಬೆಲ್ಲಾವೇ. ಕೂಸಿಗೆ ಹಗುರಾಗಿ ಹೋಯಿತು. ನೀನು ದೂರ ಇದ್ದುದರಿಂದ ಅಂಜಬೇಕಿಲ್ಲವಂತೆ; ಆದರೂ ಒಮ್ಮೆ ರಕ್ತ ತೋರಿಸು ಎಂದಿದ್ದಾರೆ. ಆಮೇಲೆ ಬಾ, ನಾನೇ ಬಾಗಿಲಲ್ಲಿ ನಿಂತಿರುತ್ತೇನೆ. ಬೀಗತಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಬಸಿರು ತಂಪಾಗಿರಲಿ.

ನಿನ್ನ ಅತ್ತೆ,
ಚನ್ನಮಲ್ಲಮ್ಮ

ಮರೆತು ಬಿಟ್ಟಿದ್ದಲ್ಲ, ಬರೆಯಲು ಅಂಜಿದ್ದೆ: ಮೌನೇಶ್ವರಿಗೆ ಒಂಬತ್ತು ತಿಂಗಳಿದ್ದಾಗ ಈ ರೋಗದ ಸೂಜಿ ಹಾಕಲು ಸಿಸ್ಟರ್ ಮನೆಗೆ ಬಂದಿದ್ದರು. ಹಿಂದಿನ ಸೂಜಿಗೆ ಕೂಸು ಎರಡು ದಿನ ನರಳಿತ್ತೆಂದು ಅಂಜಿ, ಅವಳು ಊರಲ್ಲಿಲ್ಲ ಎಂದು ಸುಳ್ಳು ಹೇಳಿ ಕಳಿಸಿದೆ. ಹತ್ತಿ ಬಿಡಿಸಲು ಹೋಗಿದ್ದ ನೀನು ಬಂದು ಕೇಳಿದಾಗ ಹಾಕಿಸಿದೆ ಎಂದೆ. ಎಷ್ಟು ಬೇಕಾದರೂ ಬಯ್ಯಿ. ಹುಟ್ಟುವ ಕೂಸಿನ ಸೂಜಿಯ ಕಾರ್ಡು ನಿನ್ನ ಹತ್ತಿರವೇ ಇರಲಿ. ಸೂಜಿಯ ದಿನ ಮಾತ್ರ ನನ್ನನ್ನೂ ಕರೆದುಕೊಂಡು ಹೋಗು. ಕೂಸನ್ನು ತೊಡೆಯ ಮೇಲೆ ನಾನೇ ಹಿಡಿದು ಕೂಡುತ್ತೇನೆ.