ಕುಂಕುಮ ಹಚ್ಚಿದ ಎಸ್‌ಎಸ್‌ಡಿ

ಗದಗ, ಶ್ರಾವಣ, ೨೧೦೭ನೇ ಇಸವಿ

ಎಂಬತ್ತು ವರ್ಷ ಹಿಂದಿನ ಗೃಹಸ್ಥರಿಗೆ,

ಮೇಲಿನ ಇಸವಿ ನೋಡಿ ನೀವು ನಗಬಹುದು. ನಮ್ಮ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು. ಕ್ಷಮೆ ಇರಲಿ, ಅವುಗಳ ಅರ್ಥವನ್ನು ಅಲ್ಲಲ್ಲೇ ಹೇಳುತ್ತೇನೆ. ಕ್ಷಮೆ ಅಷ್ಟಕ್ಕೆ ಮಾತ್ರ. ಉಳಿದದ್ದನ್ನು ಹೇಸಿಗೆಯಿಂದಲೇ ಬರೆಯುತ್ತಿದ್ದೇನೆ.

ನಾನು ಇಲ್ಲಿಯ ನೆನಪುಕಟ್ಟೆಯಲ್ಲಿ ಕೆಲಸ ಮಾಡುತ್ತೇನೆ. ಹಿರಿಯರು ಬಿಟ್ಟುಹೋದ ಫೋನು, ಡಿಸ್ಕುಗಳನ್ನು ಜನ ತರುತ್ತಾರೆ, ಒಳಗಿನದನ್ನು ನಾವು ತೆಗೆದುಕೊಡುತ್ತೇವೆ. ಬಿಸಿಲಿನ ದೆಸೆಯಿಂದ ಊರಿನ ವ್ಯವಹಾರವೆಲ್ಲ ನಸುಕಿಗೆ ಶುರುವಾಗಿ ಹೊತ್ತೇರುವ ಮೊದಲೇ ಮುಗಿಯುತ್ತದೆ. ನಾವು ಬಾಗಿಲು ತೆಗೆಯುವಾಗ ಜನ ಆಗಲೇ ರೊಟ್ಟಿಬುತ್ತಿ ಬಿಚ್ಚಿಕೊಂಡು ಕೂತಿರುತ್ತಾರೆ. ಹೆಚ್ಚಿನವರು ತರುವುದು ಬರಿದುಬಿಲ್ಲೆ. ನಿಮ್ಮ ಎಸ್‌ಎಸ್‌ಡಿ ಖಾಲಿಯಾದ ಮೇಲೆ ಅದಕ್ಕೆ ನಾವಿಟ್ಟ ಹೆಸರು ಅದು.

ವಸ್ತುವನ್ನು ನಾನು ದೂರುವುದಿಲ್ಲ. ಹಾರ್ಡ್ ಡಿಸ್ಕ್ ಕಾಂತಶಕ್ತಿಯಿಂದ ಬರೆದಿಡುತ್ತಿತ್ತು. ಎಸ್‌ಎಸ್‌ಡಿ ಸಣ್ಣ ಕೋಶಗಳಲ್ಲಿ ವಿದ್ಯುತ್ತನ್ನು ಹಿಡಿದಿಡುತ್ತದೆ. ಬಳಸುತ್ತಿದ್ದರೆ ಚೆನ್ನಾಗಿಯೇ ಇರುತ್ತದೆ. ಕರೆಂಟು ಕೊಡದೆ ವರ್ಷಗಟ್ಟಲೆ ಇಟ್ಟರೆ, ಅದರಲ್ಲೂ ಬಿಸಿಯಲ್ಲಿಟ್ಟರೆ, ಆ ವಿದ್ಯುತ್ತು ಸೋರಿಹೋಗುತ್ತದೆ. ಅದಕ್ಕೇ ನಾವು ಅಮಾವಾಸ್ಯೆಗೊಮ್ಮೆ ಮನೆಯ ಬಿಲ್ಲೆಗಳಿಗೆ ಕರೆಂಟು ಹಾಯಿಸಿ, ಒಳಗಿನದನ್ನು ಓದಿಸಿ, ಮತ್ತೆ ಬರೆಸುತ್ತೇವೆ. ಇದಕ್ಕೆ ಉಣಿಕೆ ಅನ್ನುತ್ತೇವೆ. ಉಣಿಕೆ ಆಗದೆ ಒಲೆ ಹೊತ್ತಿಸುವುದಿಲ್ಲ. ನಿಮಗೆ ಇದು ತಿಳಿಯದ ಸಂಗತಿಯೇನಲ್ಲ. ಎಸ್‌ಎಸ್‌ಡಿಯ ಬೆಲೆ ಇಳಿದ ಸುದ್ದಿಯಷ್ಟನ್ನೇ ಓದಿ ನೀವು ಪುಟ ತಿರುಗಿಸಿದಿರಿ.

ಕಳೆದ ತಿಂಗಳು ಆದ್ಯವ್ವ ಕೊಟ್ರಶೆಟ್ಟರ ಬಂದರು. ನಿಮ್ಮ ಕಾಲದ ಕೂಸು. ಈಗ ಎಂಬತ್ತು ದಾಟಿದ ಮುದುಕಿ. ಮಾತು ಬರುವ ಮೊದಲೇ ತಾಯಿಯನ್ನು ಕಳೆದುಕೊಂಡವರು. ತಾಯಿ ಅವರಿಗೆ ಉಣ್ಣಿಸುತ್ತಾ ಮಾತಾಡಿಸಿದ ವಿಡಿಯೊಗಳು ಮನೆಯ ಹಾರ್ಡ್ ಡಿಸ್ಕಿನಲ್ಲಿದ್ದವು. ಅಪ್ಪ ಅವನ್ನು ಹೊಸ ಎಸ್‌ಎಸ್‌ಡಿಗೆ ಹಾಕಿ ಹಳೆಯದನ್ನು ಗುಜರಿಗೆ ಕೊಟ್ಟ. ಅದು ಕೆಟ್ಟಿರಲಿಲ್ಲ. ಕರಕರ ಸದ್ದು ಮಾಡುತ್ತಿತ್ತು, ಅಷ್ಟೇ. ಆಮೇಲೆ ಅಪ್ಪ ಇನ್ನೊಂದು ಮದುವೆಯಾದ, ಕೂಸು ಅಜ್ಜಿಯ ಮನೆ ಸೇರಿತು, ಎಸ್‌ಎಸ್‌ಡಿ ಕಬ್ಬಿಣದ ಅಲಮಾರು ಸೇರಿತು. ಈ ವರ್ಷ ಆ ಮನೆ ಕೆಡವುವಾಗ ಮಲತಮ್ಮನ ಮಕ್ಕಳು ಅದನ್ನು ತಂದುಕೊಟ್ಟರು. ಆದ್ಯವ್ವನ ಕಿವಿ ದಿನೇ ದಿನೇ ಮಂದವಾಗುತ್ತಿದೆ. ದೀಪಾವಳಿಯ ಹೊತ್ತಿಗೆ ಪೂರ್ತಿ ಹೋಗುತ್ತದೆಂದು ಡಾಕ್ಟರು ಹೇಳಿದ್ದಾರೆ.

“ನಮ್ಮವ್ವಂದು ಒಂದ ಮಾತು ಸಿಕ್ಕರೂ ಸಾಕು ತಮ್ಮಾ. ಬೈದಿದ್ದರೂ ನಡೀತೈತಿ,” ಅಂದರು.

ಒಳಗೆ ಏನೂ ಉಳಿದಿರಲಿಲ್ಲ. ಹೊರಗೆ ಮಾತ್ರ ಅರಿಶಿನ ಕುಂಕುಮ, ಪದರದ ಮೇಲೆ ಪದರ. ವೈರು ಚುಚ್ಚುವ ಕಂಡಿಯಲ್ಲೂ ಕುಂಕುಮ ಗಟ್ಟಿಯಾಗಿ ಕೂತಿತ್ತು. ಆ ಮನೆಯವರು ವರ್ಷ ವರ್ಷವೂ ಆಯುಧಪೂಜೆಗೆ ಅದನ್ನು ಹೊರತೆಗೆದು, ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟು, ಹೂವೇರಿಸಿ, ಆರತಿ ಎತ್ತಿ, ಮತ್ತೆ ಒಳಗಿಟ್ಟಿದ್ದಾರೆ. ಗೇಣುದ್ದದ ವೈರು ಚುಚ್ಚುವ ಕೈ ಯಾರದೂ ಇರಲಿಲ್ಲ. ಅದನ್ನು ಸೂಜಿಯಿಂದ ಕೆರೆದು ತೆಗೆದ ಮೇಲೆಯೇ ನಾನು ವೈರು ಚುಚ್ಚಲಾದದ್ದು.

ಅದೇ ದಿನ ರಾಜೇಸಾಬ ನದಾಫ ಎಂಬ ದರ್ಜಿ ಒಂದು ಹಾರ್ಡ್ ಡಿಸ್ಕ್ ತಂದಿದ್ದ. “ನಮ್ಮ ಮುತ್ತ್ಯಾ ಭಾಳ ಜಿಪುಣ್ರೀ. ಹೊಸಾದು ತಗೋಳಿಲ್ಲ, ಇದನ್ನ ಒಗೀಲೂ ಇಲ್ಲ. ಮಂಚದ ಕಾಲಿನ ಬುಡಕ ಕೊಟ್ಟಿದ್ದ.” ಹಾರ್ಡ್ ಡಿಸ್ಕುಗಳಲ್ಲೂ ಅರ್ಧಕ್ಕರ್ಧ ಕೈಗೆ ಹತ್ತುವುದಿಲ್ಲ. ಇದು ಹತ್ತಿತು. ಯಾರದೋ ಮದುವೆಯ ಊಟದ ವಿಡಿಯೊ, ಪಂಗ್ತಿಯ ಗದ್ದಲದ ಸಮೇತ.

“ಏ, ಈ ಕಡೆ ಸಾರs ಬಂದಿಲ್ಲೋ.”

“ಬೀಗರಿಗೆ ಹಾಕ್ರೀ ಮೊದಲ, ಸಿಟ್ಟಿಗೆದ್ದಾರು.”

ನಡುವೆ ಒಬ್ಬ ಹೆಂಗಸು ಮಗುವನ್ನು ಓಲೈಸುತ್ತಿದ್ದಳು: “ಒಂದ ತುತ್ತು. ಬಾಯಿ ತಗಿ, ನನ್ನ ಬಂಗಾರಾ.”

ಇನ್ನೂ ಅಲ್ಲೇ ಕೂತಿದ್ದ ಆದ್ಯವ್ವ ಸ್ಪೀಕರಿಗೆ ಕಿವಿ ಆನಿಸಿದರು. “ಇನ್ನೊಮ್ಮೆ ಹಚ್ಚು,” ಅಂದರು. ಹಚ್ಚಿದೆ. “ನಮ್ಮವ್ವನೂ ಹಿಂಗs ಅಂದಿರಬೇಕು, ಅಲ್ಲಾ?” ನಗುತ್ತಿದ್ದ ರಾಜೇಸಾಬ, ಅದರದೊಂದು ಪ್ರತಿ ಕಟ್ಟೆಯಲ್ಲೇ ಇರಲಿ ಅಂದ.

ನನ್ನ ಕೋರಿಕೆ ಇಷ್ಟೇ. ಹೊಸದನ್ನು ಕೊಳ್ಳಿ, ಬೆಲೆ ಇಳಿದಿದೆ. ಆದರೆ ಹಳೆಯದನ್ನು ಗುಜರಿಗೆ ಹಾಕಬೇಡಿ. ಎರಡು ಕಡೆ ಇಡಿ, ಆಗಾಗ ಚುಚ್ಚಿ ನೋಡಿ. ಇಷ್ಟು ಸಣ್ಣ ಕೆಲಸವನ್ನು ಕೇಳಿಕೊಳ್ಳಬೇಕಾಗಿ ಬಂದದ್ದಕ್ಕೇ ನನಗೆ ನಾಚಿಕೆಯಾಗುತ್ತದೆ.

ಆದ್ಯವ್ವ ಈಗ ದಿನಾ ನಸುಕಿಗೆ ಬರುತ್ತಾರೆ. ಮೊದಮೊದಲು “ಆ ಹೆಂಗಸಿಂದು ಹಚ್ಚು” ಅನ್ನುತ್ತಿದ್ದರು. ಈ ವಾರದಿಂದ “ಅವ್ವಂದು ಹಚ್ಚು” ಅನ್ನುತ್ತಿದ್ದಾರೆ. ನಾವ್ಯಾರೂ ತಿದ್ದುವುದಿಲ್ಲ.

ವಿಹಾನ ಕಲಕೇರಿ